ಮಳೆಗಾಲದ ಪೆಟ್ಟಿಗೆ

ಮಸ್ಕಿಯ ಅಮರಗುಂಡಪ್ಪ ಹೇಳುತ್ತಿದ್ದ ಕಥೆಗಳಲ್ಲಿ ಮುಕ್ಕಾಲು ಪಾಲು ಸುಳ್ಳು. ಇದು ಅವನ ತಾಯಿಗೆ ಗೊತ್ತಿತ್ತು, ಅವನು ಕಾರಕೂನನಾಗಿದ್ದ ಲಿಂಗಸುಗೂರಿನ ಕಚೇರಿಯವರಿಗೆ ಗೊತ್ತಿತ್ತು, ಸಂಜೆ ಕಟ್ಟೆಯ ಮೇಲೆ ಬಾಯಿ ತೆರೆದು ಕೂರುವ ಮಂದಿಗಂತೂ ಗೊತ್ತೇ ಇತ್ತು. ಗೊತ್ತಿದ್ದೂ ಕೇಳುತ್ತಿದ್ದರು. ಈಗ ಹೇಳಹೊರಟಿರುವುದು ಉಳಿದ ಕಾಲು ಪಾಲಿಗೆ ಸೇರಿದ್ದು, ಅಕ್ಷರಶಃ ನಡೆದದ್ದು. ಇದನ್ನು ಅವನು ಒಂದೇ ಒಂದು ಸಲ ಹೇಳಿದ. ಆಗ ಯಾರೂ ನಂಬಲಿಲ್ಲ. ಆಮೇಲೆ ಅವನು ಹೇಳಲಿಲ್ಲ.

ಹೈದರಾಬಾದಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಊರಿಗೆ ಮರಳಿದಾಗ ಅವನು ತಂದದ್ದು ಒಂದು ಪದವಿ ಮತ್ತು ನಲವತ್ತು ಜನರ ದನಿ. ತಹಶೀಲ್ದಾರರು ಸಿಟ್ಟು ಬಂದಾಗ ಮೊದಲು ಕೆಮ್ಮಿ ಆಮೇಲೆ ಬಯ್ಯುವುದು, ಉರ್ದು ಮಾಸ್ತರರು ಸೀನು ಬಾರದೆ ಒದ್ದಾಡುವುದು, ಮಕ್ತುಮ್‌ಸಾಬ್ ಓಡಿಸುವ ಮೋಟಾರು ದಿಬ್ಬ ಏರಲಾರದೆ ನರಳುವುದು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಬೇರೆಯವರ ದನಿ ಇಷ್ಟೊಂದು ತುಂಬಿಕೊಂಡದ್ದರಿಂದ ತನ್ನದಕ್ಕೆ ಜಾಗ ಇರಲಿಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ.

ಅವನ ಚೇಷ್ಟೆಗೆ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವಳು ತಂಗಿ ಗುರುಲಿಂಗಮ್ಮ. ಮನೆಯಲ್ಲಿ ಲಿಂಗವ್ವ. ಅವನಿಗಿಂತ ಆರು ವರ್ಷ ಚಿಕ್ಕವಳು. ಅವಳದೊಂದು ವಿಚಿತ್ರ ಗುಣವಿತ್ತು. ಮೋಸಹೋದದ್ದು ಗೊತ್ತಾದ ಕೂಡಲೇ ಬೇರೆ ಹುಡುಗಿಯರ ಹಾಗೆ ಮೂತಿ ಉಬ್ಬಿಸದೆ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು. ಆ ನಗುವಿಗಾಗಿಯೇ ಅಮರಗುಂಡಪ್ಪ ಹೊಸ ಹೊಸ ಚೇಷ್ಟೆ ಹುಡುಕುತ್ತಿದ್ದ.

ಅವಳನ್ನು ಸಿಂಧನೂರಿನ ಆಚೆ ಗೊರೇಬಾಳದ ಕರಿಬಸಪ್ಪನಿಗೆ ಕೊಟ್ಟಿದ್ದರು. ಹೊಲ ಮನೆ ಇದ್ದ ಮನೆತನ. ಕರಿಬಸಪ್ಪ ಮಾತು ಕಡಿಮೆಯ, ಎತ್ತಿನ ಮೈದಡವಿದಷ್ಟೇ ಮೆತ್ತಗೆ ಹೆಂಡತಿಯನ್ನು ನೋಡಿಕೊಳ್ಳುವ ಮನುಷ್ಯ. ಅತ್ತೆ ಶೇಖರಮ್ಮ ಮಡಿಯಲ್ಲಿ ಬಿಗಿ, ಮನಸ್ಸಿನಲ್ಲಿ ಸಡಿಲು. ಮದುವೆಯಾಗಿ ವರ್ಷ ತುಂಬುವುದರೊಳಗೆ ಲಿಂಗವ್ವ ದಿನಕ್ಕೊಂದು ಕೊಡ ನೀರು ಕುಡಿಯತೊಡಗಿದಳು. ತಿಂದದ್ದು ಮೈಗೆ ಹತ್ತಲಿಲ್ಲ. ಬಳೆಗಳು ಮೊಣಕೈಗೆ ಏರಿದವು. ಅಣ್ಣ ಬಂದು ನೋಡಿದವನೇ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದ.

ಅಲ್ಲಿಯ ಡಾಕ್ಟರಸಾಹೇಬರು ಮೂಗಿನಲ್ಲಿ ಮಾತಾಡುವವರು. ಪ್ರತಿ ಮಾತಿನ ಮುಂದೆ, 'ಅಂದರೆ' ಎನ್ನುವ ಅರ್ಥದ ಉರ್ದುವಿನ ಒಂದು 'ಮತ್ಲಬ್' ಇಡದಿದ್ದರೆ ಅವರ ನಾಲಗೆ ಹೊರಳುತ್ತಿರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಹಾಗೆ ಕೆಂಪಾಯಿತು.

"ಮತ್ಲಬ್, ಸಕ್ರಿ ಬ್ಯಾನಿ. ಮತ್ಲಬ್, ದಿನಾ ಎರಡು ಸಲ ಸೂಜಿ. ಮತ್ಲಬ್, ಜೀವ ಇರೋತನಕ."

"ಬಿಟ್ಟರ?" ಎಂದ ಅಮರಗುಂಡಪ್ಪ.

"ನಾಲ್ಕೈದು ದಿನ."

ಈ ಮಾತಿನ ಮುಂದೆ ಮಾತ್ರ ಮತ್ಲಬ್ ಇರಲಿಲ್ಲ. ಅಮರಗುಂಡಪ್ಪ ಅದನ್ನು ಗಮನಿಸಿದ. ದನಿ ಕದಿಯುವವನ ಕಿವಿ ಅದು. ಆದರೆ ತಿರುಗಿ ಬರುವಾಗ ಮೋಟಾರಿನಲ್ಲಿ ತಂಗಿ ತಲೆ ತಗ್ಗಿಸಿ ಕೂತದ್ದು ನೋಡಲಾರದೆ ಡಾಕ್ಟರರ ದನಿ ತೆಗೆದ. "ಮತ್ಲಬ್, ನಮ್ಮ ತಂಗಿ ಭಾಳ ಸಿಹಿ ಅಂತ ನಾ ಮೊದಲಿಂದ ಹೇಳಾಕತ್ತಿದ್ದೆ. ಮತ್ಲಬ್, ಈಗ ಸರಕಾರದವರೂ ಒಪ್ಪ್ಯಾರ." ಲಿಂಗವ್ವ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕದ್ದಕ್ಕೆ ಮುಂದಿನ ಸೀಟಿನ ಮುದುಕನೊಬ್ಬ ಎದ್ದು ಕೂತ.

ಔಷಧ ರಾಯಚೂರಿನಿಂದ ಹೇಳಿ ತರಿಸಬೇಕು. ಬೆರಳುದ್ದದ ಗಾಜಿನ ಸೀಸೆ, ಮೇಲೆ ರಬ್ಬರಿನ ಬಿರಡೆ, ಒಳಗೆ ನೀರಿನಷ್ಟೇ ತಿಳಿಯಾದ ಔಷಧ. ಇಂಗ್ಲಿಷಿನ ಚೀಟಿಯನ್ನು ಅಮರಗುಂಡಪ್ಪ ಎರಡೆರಡು ಸಲ ಓದಿದ. ಅದನ್ನು ದನದ ಹೊಟ್ಟೆಯೊಳಗಿನ ಯಾವುದೋ ಗ್ರಂಥಿಯಿಂದ ತೆಗೆಯುತ್ತಾರಂತೆ. ಮೂರು ಹೊತ್ತು ಲಿಂಗಪೂಜೆ ಮಾಡುವ ಶೇಖರಮ್ಮನ ಮನೆಯಲ್ಲಿ ಈ ಸೀಸೆ ಹೊಸ್ತಿಲು ದಾಟುವುದುಂಟೆ? ಊರಿನ ಮಾಸ್ತರನಿಗೆ ನಾಲ್ಕು ಅಕ್ಷರ ಇಂಗ್ಲಿಷು ಬರುತ್ತಿತ್ತು. ಯಾವತ್ತಾದರೂ ಅವನ ಕೈಗೆ ಸಿಕ್ಕರೆ ಮುಗಿಯಿತು.

ತಂಗಿಗೆ ಮಾತ್ರ ಕಿವಿಯಲ್ಲಿ ಹೇಳಿದ. ಅವಳು ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡು, "ಬಸವಣ್ಣ ತನ್ನ ಹೊಟ್ಟಿಯೊಳಗಿಂದ ತೆಗೆದು ನನಗ ಕೊಟ್ಟಾನ ಅನ್ಕೋತೀನಿ. ನೀ ಯಾರ ಮುಂದೂ ಅನಬ್ಯಾಡ" ಎಂದಳು.

ಅಂದಿನಿಂದ ಪ್ರತಿ ಸೀಸೆಯ ಮೇಲಿನ ಚೀಟಿಯನ್ನು ಅವನು ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಗೊರೇಬಾಳದ ಮನೆಗೆ ಹೋಗುವ ಸೀಸೆಗಳೆಲ್ಲ ಬೆತ್ತಲೆ. ಬೇರಿನ ಕಷಾಯ ಎಂದು ಬೀಗರಿಗೆ ಹೇಳಿದ್ದ. ಆ ವಿಷಯಕ್ಕೆ ಅಣ್ಣ ತಂಗಿ ಬಿಟ್ಟರೆ ಮೂರನೆಯವರು ಕೈಹಾಕುತ್ತಿರಲಿಲ್ಲ.

ಡಾಕ್ಟರಸಾಹೇಬರು ಇನ್ನೊಂದು ಮಾತು ಹೇಳಿದ್ದರು. "ಮತ್ಲಬ್, ಮಸ್ಕಿಗೂ ಸಿಂಧನೂರಿಗೂ ನಡುವ ಎಷ್ಟು ಹಳ್ಳ ಅದಾವು? ಮತ್ಲಬ್, ಒಂದು ಬಂದರ ಸಾಕು, ಮೋಟಾರು ನಿಂತವು. ಮತ್ಲಬ್, ಮಳೆಗಾಲ ಹತ್ತೂದರೊಳಗ ಮನ್ಯಾಗ ಒಂದು ತಿಂಗಳದ ಔಷಧ ಬ್ಯಾರೆ ತೆಗೆದಿಡ್ರಿ. ಮತ್ಲಬ್, ದಿನಾ ಚುಚ್ಚಿಕೊಳ್ಳೂದು ಬ್ಯಾರೆ, ಹಳ್ಳ ಬಂದಾಗಿಂದು ಬ್ಯಾರೆ."

ಹೀಗೆ ಮಳೆಗಾಲದ ಪೆಟ್ಟಿಗೆ ಹುಟ್ಟಿತು. ಅಮರಗುಂಡಪ್ಪ ಕಾಲೇಜಿನಲ್ಲಿ ಪುಸ್ತಕ ಇಡುತ್ತಿದ್ದ ಸಣ್ಣ ತಗಡಿನ ಪೆಟ್ಟಿಗೆ ಅದು. ಅರಳೆಯ ಹಾಸಿಗೆಯ ಮೇಲೆ ಔಷಧದ ಎರಡು ತುಂಬಿದ ಸೀಸೆ; ಇನ್ನೊಂದು ಗಾಜಿನ ಪಿಚಕಾರಿ, ಮೂರು ಸೂಜಿ; ಸ್ಪಿರಿಟು; ನೀಲಿ ನೀರು ಮತ್ತು ನಳಿಗೆ; ಕಡ್ಡಿಪೆಟ್ಟಿಗೆ, ಮೇಣದ ಬಟ್ಟೆಯಲ್ಲಿ ಸುತ್ತಿ; ಔಷಧ ಹೆಚ್ಚಾಗಿ ಕೈಕಾಲು ನಡುಗಿದರೆ ಬಾಯಿಗೆ ಹಾಕಿಕೊಳ್ಳಲು ನಾಲ್ಕು ಹರಳು ಬೆಲ್ಲ; ತಿಂಗಳಿಟ್ಟರೂ ಕೆಡದ ಕಟಕರೊಟ್ಟಿ ಹತ್ತು. ದಿನ ಬಳಸುವ ಸೀಸೆ ಬಚ್ಚಲ ಪಕ್ಕದ ನೀರಿನ ಕೊಡದ ಕೆಳಗೆ, ಹಸಿ ಮರಳಿನಲ್ಲಿ ಹೂತಿರಬೇಕು. ಪೆಟ್ಟಿಗೆ ಒದ್ದೆ ಗೋಣಿ ಹೊದ್ದು ಕತ್ತಲಕೋಣೆಯಲ್ಲಿರಬೇಕು. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಪೆಟ್ಟಿಗೆ ತೆರೆದು, ಅರಳೆ ಎತ್ತಿ, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೋಡಮೋಡವಾಗಿದ್ದರೆ ಕೆಟ್ಟಿದೆ. ಮರಳಿನ ಸೀಸೆ ಮುಗಿದಾಗ ಪೆಟ್ಟಿಗೆಯದನ್ನು ತೆಗೆದು, ಹೊಸದು ಬಂದಾಗ ಪೆಟ್ಟಿಗೆಯಲ್ಲೇ ಇಡಬೇಕು.

ನಿಯಮ ಮಾಡಿದವನು ಪರೀಕ್ಷೆ ಮಾಡದೆ ಬಿಟ್ಟಾನೆಯೇ? ಮೊದಲ ವರ್ಷ ಮೃಗಶಿರ ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಗೊರೇಬಾಳದ ಅಗಸಿ ಬಾಗಿಲ ಮರೆಯಲ್ಲಿ ನಿಂತು, ಊರಿನ ತಳವಾರ ಗ್ಯಾನಪ್ಪನ ಒಡಕು ದನಿಯಲ್ಲಿ, "ಹಳ್ಳ ಬಂತ್ರೋ, ಕೆಳಗಿನ ಓಣ್ಯಾಗ ನೀರು ಹೊಕ್ಕತ್ರೋ" ಎಂದು ಕೂಗಿದ. ಲಿಂಗವ್ವ ಪೆಟ್ಟಿಗೆ ತಲೆಯ ಮೇಲಿಟ್ಟು ಹನುಮಪ್ಪನ ಗುಡಿಯ ಎತ್ತರದ ಕಟ್ಟೆಗೆ ಓಡಿದಳು. ಹಿಂದಿನಿಂದ ಶೇಖರಮ್ಮ, ಕೈಗೆ ಸಿಕ್ಕಿದ್ದು ಹಿಡಿದು. ಸಿಕ್ಕಿದ್ದು ರೊಟ್ಟಿ ತಟ್ಟುವ ಕೊಣಮಿಗೆ. ಕರಿಬಸಪ್ಪ ಎತ್ತು ಬಿಚ್ಚಿದ. ನಿಜವಾದ ಗ್ಯಾನಪ್ಪ ತನ್ನ ದನಿ ತನಗೇ ಕೇಳಿ ಗಾಬರಿಯಾಗಿ ಮನೆಯಿಂದ ಹೊರಗೆ ಬಂದ.

ಅಮರಗುಂಡಪ್ಪ ಅಗಸಿಯಿಂದ ಈಚೆ ಬಂದು, "ಪಾಸು" ಅಂದ.

"ಹಾಟ್ಯಾನ ತಂದು" ಎಂದು ಬಯ್ಯುತ್ತ ಶೇಖರಮ್ಮ ಕೊಣಮಿಗೆ ಎತ್ತಿದಳು. ಲಿಂಗವ್ವ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕುಸಿದು ಕೂತು, ಗುಡಿಯ ಪಾರಿವಾಳ ಹಾರಿ ಹೋಗುವ ಹಾಗೆ ನಕ್ಕಳು.

ಹೀಗೆ ಮೂರು ಮಳೆಗಾಲ ದಾಟಿದವು. ೧೯೫೪ರ ಶ್ರಾವಣ ಬಂತು.

ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಬುಟ್ಟಿಯಲ್ಲಿ ಉಂಡಿ ಇಲ್ಲದೆ ಹೋಗುವಂತಿಲ್ಲ. ತಾಯಿ ಪಂಪಮ್ಮ ಬೀಗರಿಗೆಂದು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಮಗಳಿಗೆಂದು ಜೋಳದ ಅಳ್ಳು ಹುರಿದು, ಉಪ್ಪು ಖಾರದ ಕಡಲೆ ಬೇರೆ ಗಂಟು ಮಾಡಿ ಕೊಟ್ಟಳು. ಸೋಮವಾರ ಮಧ್ಯಾಹ್ನ ಅಮರಗುಂಡಪ್ಪ ಗೊರೇಬಾಳ ಮುಟ್ಟಿದ.

"ಇವತ್ತ ಕರಕೊಂಡು ಹೋಗ್ತೀನ್ರಿ ಅತ್ತಿ" ಎಂದ.

"ಈಗ ಹೊಂಟರ ಊರು ಮುಟ್ಟೂದರಾಗ ಕತ್ತಲಾಗ್ತೈತಿ. ನಾಳೆ ಮಂಗಳವಾರ, ಹೆಣ್ಣುಮಗಳನ್ನ ಹೊಸ್ತಿಲ ದಾಟಸಂಗಿಲ್ಲ. ಬುಧವಾರ ಬಂದು ಕರಕೊಂಡು ಹೋಗು ತಮ್ಮಾ" ಎಂದಳು ಶೇಖರಮ್ಮ.

ಮರುದಿನ ಕಚೇರಿಗೆ ಹಾಜರಾಗಬೇಕಿದ್ದ ಅವನು ಸಂಜೆಯ ಮೋಟಾರಿಗೆ ಹಿಂತಿರುಗುವುದೆಂದಾಯಿತು. ನಡುವೆ ಎರಡು ತಾಸು ಹೊತ್ತಿತ್ತು. ಕೆಲಸವಿಲ್ಲದ ಎರಡು ತಾಸು ಅಮರಗುಂಡಪ್ಪನ ಕೈಗೆ ಕೊಡಬಾರದು.

ಲಿಂಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕತ್ತಲಕೋಣೆಗೆ ಹೋಗಿ ಪೆಟ್ಟಿಗೆ ತೆರೆದ. ಎಲ್ಲ ಅಚ್ಚುಕಟ್ಟು. "ಬೆಳಿಗ್ಗೇನ ಪೂಜಿ ಮುಗಿಸಿ ನೋಡೀನೋ ಅಣ್ಣ" ಎಂದು ಅಡುಗೆಮನೆಯಿಂದಲೇ ಕೂಗಿದಳು.

"ನೋಡೀನಿ ಅಂತ ಎಲ್ಲಾರೂ ಅಂತಾರ" ಎಂದವನಿಗೆ ಆಗಲೇ ವಿಚಾರ ಹೊಳೆದಿತ್ತು.

ಗೂಡಿನಲ್ಲಿ ಖಾಲಿ ಸೀಸೆಗಳಿದ್ದವು. ಎರಡನ್ನು ತೆಗೆದುಕೊಂಡು, ಪಿಚಕಾರಿಯಿಂದ ಕುದಿಸಿ ಆರಿಸಿದ ಬಾವಿ ನೀರು ಎಳೆದು, ರಬ್ಬರಿನ ಮೂಲಕ ಚುಚ್ಚಿ ತುಂಬಿದ. ಬೆತ್ತಲೆ ಸೀಸೆ, ತಿಳಿ ನೀರು. ಔಷಧದ ಪಕ್ಕ ಹಿಡಿದು ನೋಡಿದ. ಬ್ರಹ್ಮ ಬಂದರೂ ಬೇರೆಯೆನ್ನಲಾರ. ನೀರಿನ ಸೀಸೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಅರಳೆಯ ಅಡಿಗೆ ಒಂದು ಚೀಟಿ ಬರೆದು ಸೇರಿಸಿದ:

'ಇದು ನಿಮ್ಮ ಬಾವಿಯ ನೀರು. ಮತ್ಲಬ್, ಗುರುಲಿಂಗಮ್ಮ ಪರೀಕ್ಷೆಯಲ್ಲಿ ನಪಾಸು. ಡಾಕ್ಟರ್ ಅಮರಗುಂಡಪ್ಪ, ಮತ್ಲಬ್ ನಿನ್ನ ಅಣ್ಣ.'

ನಿಜವಾದ ಎರಡು ಸೀಸೆ ಅವನ ಅಂಗಿಯ ಒಳಜೇಬು ಸೇರಿದವು. ಬುಧವಾರ ಅವಳು ಪೆಟ್ಟಿಗೆಯೊಂದಿಗೆ ಮಸ್ಕಿಗೆ ಬರುತ್ತಾಳೆ. ಅವ್ವನ ಮುಂದೆ, ಓಣಿಯ ಹೆಂಗಸರ ಮುಂದೆ ಪೆಟ್ಟಿಗೆ ತೆರೆಸಿ, ಚೀಟಿ ತೆಗೆಸಿ, ಡಾಕ್ಟರರ ದನಿಯಲ್ಲಿ ನ್ಯಾಯ ಹೇಳುವುದು. ಇಷ್ಟೇ ಯೋಜನೆ. ಚೇಷ್ಟೆಗಾರನಾದರೂ ಬೇಫಿಕೀರನಲ್ಲ. ಕೊಡದ ಕೆಳಗಿನ ಮರಳಿಗೆ ಕೈಹಾಕಿ ದಿನದ ಸೀಸೆ ತೆಗೆದು ಬೆಳಕಿಗೆ ಹಿಡಿದು ಅಳೆದ. ನಾಲ್ಕು ಸೂಜಿಯ ಔಷಧ ಇತ್ತು. ಇವತ್ತು ಸಂಜೆ, ನಾಳೆ ಎರಡು, ಬುಧವಾರ ಬೆಳಿಗ್ಗೆ ಒಂದು. ಲೆಕ್ಕ ಸರಿ. ಹೊರಡುವಾಗ ತಂಗಿ ಮಸಿ ಬಳಿದ ಹಾಗೆ ಕರ್ರಗಾಗುತ್ತಿದ್ದ ಪಡುವಣ ಮೋಡ ನೋಡಿ, "ಬುಧವಾರ ಬರ್ತೀಯಲ್ಲ?" ಎಂದು ಕೇಳಿದಳು.

"ನಾ ಬರದಿದ್ರ ನನ್ನ ದನಿಯರ ಬರ್ತೈತಿ" ಎಂದ.

ಮಂಗಳವಾರ ಬೆಳಗಾದಾಗ ಮಸ್ಕಿಯ ಹಳ್ಳ ರಸ್ತೆ ನುಂಗಿತ್ತು. ಬುಧವಾರ ಬೆಳಿಗ್ಗೆ ಅದು ಎರಡೂ ದಡದ ಜಾಲಿಗಿಡಗಳ ಕೊರಳಿಗೆ ಬಂದಿತ್ತು. ಕೆಂಪು ನೀರಿನಲ್ಲಿ ಹುಲ್ಲಿನ ಬಣವಿ, ತೊಲೆ, ಒಂದು ಕೋಳಿಪಂಜರ ತೇಲಿ ಹೋದವು. ಮಕ್ತುಮ್‌ಸಾಬ್ ಮೋಟಾರು ನಿಲ್ಲಿಸಿ ಬೀಡಿ ಹಚ್ಚಿದ್ದ. ಅಮರಗುಂಡಪ್ಪ ಓಡಿಬಂದ, ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಲೆಯ ರುಮಾಲಿನೊಳಗೆ ಕಟ್ಟಿಕೊಂಡಿದ್ದ.

"ದಾಟಸಂಗಿಲ್ಲೇನು ಮಕ್ತುಮ್‌ಸಾಬ?"

"ನಿಮ್ಮ ಬಾಯಾಗಿನ ಮೋಟಾರು ದಾಟತೈತ್ರಿ ಸಾಹೇಬ್ರ. ನನ್ನ ಮೋಟಾರು ದಾಟಂಗಿಲ್ಲ."

ದಡದಲ್ಲಿ ಐವತ್ತು ಜನ ಸಿಕ್ಕಿಬಿದ್ದಿದ್ದರು, ಪಂಚಮಿಗೆ ಹೊರಟವರು, ಬಗಲಲ್ಲಿ ಬುಟ್ಟಿ. ಅಮರಗುಂಡಪ್ಪನನ್ನು ಕಂಡು ಅವರ ಮುಖ ಅರಳಿತು. ಹೊತ್ತು ಕಳೆಯಲು ದೇವರೇ ಕಳಿಸಿದ ಮನುಷ್ಯ.

"ಬರ್ರಿ, ತಹಶೀಲ್ದಾರ್ರನ್ನ ಸ್ವಲ್ಪ ಕೆಮ್ಮಿಸ್ರಿ" ಎಂದ ಒಬ್ಬ.

ಅಮರಗುಂಡಪ್ಪ ಅವರ ನಡುವೆ ನಿಂತು ಕೈಮುಗಿದ. "ಯಾರಿಗರ ಈಸು ಬರ್ತೈತೇನ್ರಪಾ? ನನ್ನ ತಂಗಿ ಜೀವದ ಔಷಧ ನನ್ನ ರುಮಾಲಿನ್ಯಾಗ ಐತಿ. ಆಕಿ ಕಡೆ ಇರೂದು ಬಾವಿ ನೀರು. ಚ್ಯಾಷ್ಟಿಗೆ ನಾನ ಅದಲಿ ಬದಲಿ ಮಾಡಿ ಬಂದೀನಿ. ಇವತ್ತ ಸಂಜೀಗಿಂದ ಆಕಿಗೆ ಔಷಧ ಇಲ್ಲ."

ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ದಡ ನಕ್ಕಿತು.

"ಮುಂದ?" ಎಂದಳು ಉಂಡಿ ಬುಟ್ಟಿಯ ಮುದುಕಿ, ಆಸೆಯಿಂದ.

"ಮುಂದ ಏನೂ ಇಲ್ಲಬೇ. ಖರೇನ ಹೇಳಾಕತ್ತೀನಿ." ಅವನ ದನಿ ಒಡೆಯಿತು. ಕಣ್ಣಲ್ಲಿ ನೀರಿಳಿಯಿತು.

"ಅಳೂದೂ ಎಷ್ಟು ಚಂದ ಮಾಡ್ತಾನ ನೋಡು" ಎಂದಳು ಮುದುಕಿ ಪಕ್ಕದವಳಿಗೆ.

ಅವನು ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಸ್ವಂತ ದನಿಯಲ್ಲಿ ಮಾತಾಡಿದ್ದ. ಅದು ಯಾರದೆಂದು ಯಾರಿಗೂ ಗುರುತು ಸಿಗಲಿಲ್ಲ.

ಗುರುವಾರ ಪಂಚಮಿ. ಮಳೆ ನಿಲ್ಲಲಿಲ್ಲ. ಅವನು ಎರಡು ಸಲ ನೀರಿಗಿಳಿದ, ಎರಡು ಸಲವೂ ಸೆಳವು ಅವನನ್ನು ಜಾಲಿಗಿಡಕ್ಕೆ ಬಡಿದು ಹಿಂದಕ್ಕೆ ಎಸೆಯಿತು. ಶುಕ್ರವಾರ ಮೈತುಂಬ ಮುಳ್ಳಿನ ಗೀರು ಹೊತ್ತು ದಡದಲ್ಲಿ ಕೂತ. ಹೊತ್ತಿಗೊಮ್ಮೆ ರುಮಾಲು ನೆನೆಸುವುದು, ಸೀಸೆಯನ್ನು ಬೆಳಕಿಗೆ ಹಿಡಿಯುವುದು, ಮತ್ತೆ ಕಟ್ಟುವುದು. ಮೋಡವಾಗಿರಲಿಲ್ಲ. ಔಷಧ ಚೆನ್ನಾಗಿಯೇ ಇತ್ತು. ನಾಲ್ಕೈದು ದಿನ ಎಂಬ ಮಾತು ಡಾಕ್ಟರರ ದನಿಯಲ್ಲಿ, ಮತ್ಲಬ್ ಇಲ್ಲದೆ, ತಲೆಯಲ್ಲಿ ಸುತ್ತುತ್ತಿತ್ತು.

ಶನಿವಾರ ಸಂಜೆ ಮಕ್ತುಮ್‌ಸಾಬ್ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಆವತ್ತ ನೀವು ಹೇಳಿದ್ದು ಖರೆ ಏನ್ರಿ?"

"ನಿನಗ್ಯಾಕ ಹಂಗ ಅನಸ್ತು?"

"ನೀವು ಸುಳ್ಳು ಹೇಳುವಾಗ ಮಂದಿ ಮಾರಿ ನೋಡ್ತೀರಿ, ನಗ್ತಾರೋ ಇಲ್ಲೋ ಅಂತ. ನಾಲ್ಕು ದಿನದಿಂದ ನೀವು ಹಳ್ಳ ಬಿಟ್ಟು ಏನೂ ನೋಡಿಲ್ಲ."

ಭಾನುವಾರ ನಸುಕಿಗೆ ನೀರು ಎದೆಮಟ್ಟಕ್ಕೆ ಇಳಿದಿತ್ತು. ಮೋಟಾರಿನ ಮೇಲೆ ಸಾಮಾನು ಬಿಗಿಯುವ ಹಗ್ಗವನ್ನು ಮಕ್ತುಮ್‌ಸಾಬ್ ಈಚೆ ದಡದ ಬೇವಿಗೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಮುಂದೆ ನಡೆದ. ಹಿಂದೆ ಅಮರಗುಂಡಪ್ಪ, ಎರಡೂ ಕೈ ತಲೆಯ ರುಮಾಲಿನ ಮೇಲೆ. ಆಚೆ ದಡದಲ್ಲಿ ಸಾಬ್ ಹಗ್ಗ ಬಿಚ್ಚುತ್ತ, "ಹೋಗ್ರಿ, ಅಲ್ಲಾ ಅದಾನ" ಎಂದ. ಮುಂದಿನ ದಾರಿ ಅರ್ಧ ಓಟ, ಅರ್ಧ ಕೆಸರು. ನಡುವೆ ಸಿಕ್ಕ ಒಂದು ಗಾಡಿ ಸ್ವಲ್ಪ ದೂರ ಹೊತ್ತು ತಂದಿತು. ಗೊರೇಬಾಳದ ಅಗಸಿಗೆ ಬಂದಾಗ ಮಧ್ಯಾಹ್ನ ಮೂರರ ಸುಮಾರು.

ಶೇಖರಮ್ಮ ಹೊಸ್ತಿಲಲ್ಲೇ ಇದ್ದಳು. "ಬಂದ್ಯಾ ತಮ್ಮಾ. ಬಾ. ಔಷಧ ಕೆಟ್ಟಿತ್ತಂತ, ಸೆಕಿಗೆ. ಆಕೀನ ಹೇಳಿದ್ಲು. ದಿನಾ ಎರಡು ಹೊತ್ತು ಚುಚ್ಚಿಕೊಂಡ್ಲಪಾ, ಒಂದೂ ತಪ್ಪಸಲಿಲ್ಲ. ಹತ್ತಲಿಲ್ಲ ನೋಡು."

ಒಳಗೆ ಹೊರಸಿನ ಮೇಲೆ ಲಿಂಗವ್ವ ಕಣ್ಣು ಮುಚ್ಚಿ, ದಿಬ್ಬ ಏರುವವಳ ಹಾಗೆ ಆಳವಾಗಿ ಉಸಿರೆಳೆಯುತ್ತಿದ್ದಳು. ತುಟಿ ಒಣಗಿ ಬಿರಿದಿದ್ದವು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಇತ್ತು. ತಲೆದೆಸೆಯಲ್ಲಿ ಪೆಟ್ಟಿಗೆ, ತೆರೆದೇ ಇತ್ತು. ಅರಳೆಯ ಅಡಿ ಖಾಲಿ. ಚೀಟಿ ಇರಲಿಲ್ಲ.

ಅವನು ರುಮಾಲು ಬಿಚ್ಚಿ ಸೀಸೆ ತೆಗೆದು ಸೂಜಿ ಹಾಕಿದ. ಕರಿಬಸಪ್ಪ ಆಗಲೇ ಗಾಡಿ ಹೂಡುತ್ತಿದ್ದ. ಹುಲ್ಲು ಹಾಸಿ, ಕೌದಿ ಹಾಸಿ, ಇಬ್ಬರೂ ಅವಳನ್ನು ಎತ್ತಿ ಮಲಗಿಸಿದರು. ಸಿಂಧನೂರಿನ ಡಾಕ್ಟರರು ನರಕ್ಕೆ ನೀರು ಏರಿಸಿದರೆ ಉಳಿದಾಳು ಎಂಬ ಒಂದೇ ಆಸೆ ಇತ್ತು.

ಗಾಡಿ ಹೊರಟಾಗ ಕರಿಬಸಪ್ಪ ಮುಖ ತಿರುಗಿಸದೆ ಹೇಳಿದ: "ಗುರುವಾರನ ನಾ ಸಿಂಧನೂರಿಗೆ ಹೊಂಟಿದ್ದೆ. ನಡುವಿನ ಹಳ್ಳ ಇವತ್ತ ಇಳದೈತಿ, ಆವತ್ತ ತುಂಬಿ ಹರೀತಿತ್ತು. ಬಿಡಲಿಲ್ರಿ. ಹಳ್ಳದಾಗ ನೀವೂ ಹೋದ್ರ ನಾ ಯಾರನ್ನ ಕಾಯ್ಕೋತ ಕುಂದ್ರಲಿ ಅಂದ್ಲು. ಅಣ್ಣ ಬಂದಾ ಬರ್ತಾನ ಅಂದ್ಲು."

ಗೊರೇಬಾಳದಿಂದ ಸಿಂಧನೂರಿನ ದವಾಖಾನೆಗೆ ಐದು ಮೈಲಿ. ಲಿಂಗವ್ವ ಬಂದದ್ದು ನಾಲ್ಕು. ನಾಲ್ಕನೆಯ ಮೈಲಿಯಲ್ಲಿ ಏನಾಯಿತೆಂದು ಹೇಳುವ ಶಕ್ತಿ ಈ ಕಥೆಗಿಲ್ಲ. ಮೂರನೆಯ ಮೈಲಿಯದನ್ನು ಹೇಳಬಹುದು.

ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಸದಾಗಿ ತೋಡುತ್ತಿದ್ದ ಕಾಲುವೆಯ ಮಣ್ಣಿನ ದಿಬ್ಬದ ಪಕ್ಕ ಗಾಡಿ ನಿಧಾನಕ್ಕೆ ಸಾಗುತ್ತಿತ್ತು. ಅವಳು ಕಣ್ಣು ತೆರೆದಳು.

"ಅಣ್ಣ."

"ಇಲ್ಲೇ ಇದ್ದೀನವ್ವ."

"ಯಾಕ ತಡಾ ಆತು?"

"ಹಳ್ಳ ಬಂದಿತ್ತು."

"ಖರೇನ ಬಂದಿತ್ತೋ, ನೀನ ಕೂಗಿದ್ಯೋ?"

ಅವನು ಕರಿಬಸಪ್ಪನಿಗೆ ಕೇಳಿಸದ ಹಾಗೆ ಬಾಗಿ, "ಲಿಂಗವ್ವ, ಪೆಟ್ಟಿಗ್ಯಾಗ ನಾ..." ಎಂದ.

"ಗೊತ್ತೈತಿ." ಅವಳ ಬೆರಳು ಕೊರಳಿನ ಕರಡಿಗೆಯ ಕಡೆ ತಡಕಾಡಿತು. ಇಷ್ಟಲಿಂಗ ಇಡುವ ಆ ಬೆಳ್ಳಿಯ ಡಬ್ಬಿಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಅತ್ತೆಯೂ ಸಹ. "ತೆಗಿ. ನನ್ನ ಕೈಲೆ ಆಗವೊಲ್ದು."

ತೆಗೆದ. ಲಿಂಗದ ವಸ್ತ್ರದ ಪಕ್ಕ ನಾಲ್ಕು ಮಡಿಕೆ ಮಾಡಿದ ಅವನ ಚೀಟಿ ಇತ್ತು.

"ಯಾವಾಗ ಸಿಕ್ಕಿತ್ತು?"

"ಪಂಚಮಿ ದಿನ. ನೀಲಿ ನೀರು ಎರಡು ಸಲ ಇಟ್ಟಂಗಿ ಹಂಗ ಕೆಂಪಾತು. ಏನು ತಪ್ಪು ತಿಂದ್ನೋ ಅಂತ ಒಂದು ಹೊತ್ತು ಉಪಾಸ ಮಾಡಿದೆ. ಆಮ್ಯಾಲ ಅರಳಿ ಎತ್ತಿ ನೋಡಿದೆ."

"ಯಾರಿಗೂ ಯಾಕ ಹೇಳಲಿಲ್ಲ?"

"ಹೇಳಿದ್ರ ನಮ್ಮತ್ತಿ ನಿನ್ನ ಹೊಸ್ತಿಲ ಏರಿಸಿಕೋತಿದ್ಲಾ? ಮುಂದಿನ ಪಂಚಮಿಗೆ ಕರಿಯಾಕ ಯಾರು ಬರ್ತಿದ್ರು?"

"ನೀರಂತ ಗೊತ್ತಾದ ಮ್ಯಾಲೂ ಚುಚ್ಚಿಕೊಂಡಿ."

"ಬಿಟ್ಟಿದ್ರ ಯಾಕಂತ ಕೇಳ್ತಿದ್ರು." ಉಸಿರಿಗಾಗಿ ನಿಂತಳು. "ಚೀಟಿ ನೀ ಇಟ್ಕೋ. ನಾಳೆ ಮಠದ ಅಯ್ಯನೋರು ಬಂದು ಕರಡಿಗಿ ಬಿಚ್ಚತಾರ. ಅವರ ಕೈಗೆ ಸಿಗೂದು ಬ್ಯಾಡ."

"ಹಂಗ ಅನಬ್ಯಾಡ ನನ್ನವ್ವ."

"ಇರ್ಲಿ. ಮಸ್ಕ್ಯಾಗ ಎಲ್ಲಾರ ಮುಂದ ಏನು ಮಾಡಾಂವ ಇದ್ದಿ? ಮಾಡಿ ತೋರ್ಸು."

"ಈಗ ಬ್ಯಾಡ."

"ಈಗನ. ಅದನ್ನ ನೋಡಬೇಕಂತ ಇಷ್ಟು ದಿನ ಕಣ್ಣು ಬಿಟ್ಕೊಂಡು ಕುಂತೀನಿ."

ಅಮರಗುಂಡಪ್ಪ ಕಣ್ಣೊರೆಸಿಕೊಂಡ. ಗಂಟಲಲ್ಲಿದ್ದ ನಲವತ್ತು ಜನರಲ್ಲಿ ಒಬ್ಬನೂ ಮಿಸುಕಲಿಲ್ಲ. ಮೂಗು ಹಿಡಿದುಕೊಂಡು, ಕೊನೆಗೆ ಹೇಗೋ ಡಾಕ್ಟರಸಾಹೇಬರನ್ನು ಎಳೆದು ತಂದ.

"ಮತ್ಲಬ್, ಈ ಸೀಸ್ಯಾಗ ಇರೂದು ಔಷಧ ಅಲ್ಲ, ಗೊರೇಬಾಳದ ಬಾವಿ ನೀರು. ಮತ್ಲಬ್, ಗುರುಲಿಂಗಮ್ಮ ಅನ್ನೋ ಈ ಹೆಣ್ಣುಮಗಳು ಪರೀಕ್ಷಾದಾಗ ನಪಾಸು. ಮತ್ಲಬ್, ಈಕಿಗೆ ಶಿಕ್ಷಾ ಏನಪಾ ಅಂದ್ರ..." ದನಿ ನಡುವೆ ಜಾರಿ ಅವನದೇ ಆಗಿಬಿಟ್ಟಿತು, "ಒಂದು ತಿಂಗಳ ಅಣ್ಣನ ಮನ್ಯಾಗ ಇರಬೇಕು. ಜೋಕಾಲಿ ಆಡಿಕೋತ."

ಲಿಂಗವ್ವ ನಕ್ಕಳು. ಮೊದಲು ತುಟಿಯಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಬಾಯಿ ತೆರೆದು, ಮೂರು ಮಳೆಗಾಲದ ಹಿಂದೆ ಗುಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಅವಚಿಕೊಂಡು ನಕ್ಕ ಹಾಗೆಯೇ. ಕಾಲುವೆಯ ದಿಬ್ಬದ ಮೇಲಿದ್ದ ಎರಡು ಬೆಳ್ಳಕ್ಕಿ ಎದ್ದು ಹಾರಿದವು. ಗಾಡಿ ಹೊಡೆಯುತ್ತಿದ್ದ ಕರಿಬಸಪ್ಪ ತಿರುಗಿ ನೋಡಿದ. ಏನೂ ತಿಳಿಯದಿದ್ದರೂ, ಹೆಂಡತಿಗೆ ಗುಣವಾಯಿತೆಂದುಕೊಂಡು, ಐದು ದಿನದ ಗಡ್ಡದೊಳಗಿನಿಂದ ತಾನೂ ನಕ್ಕ. ಅವನು ನಕ್ಕನೆಂದು ಅಮರಗುಂಡಪ್ಪನೂ ನಗಬೇಕಾಯಿತು. ಚೀಟಿಯನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದು ಅವನು ನಕ್ಕ. ಗಾಡಿಯಲ್ಲಿದ್ದ ಮೂವರಲ್ಲಿ ಅವಳ ನಗುವೇ ಎಲ್ಲರಿಗಿಂತ ಜೋರಾಗಿತ್ತು.